ವರಾಂಡದ ಸೊಳ್ಳೆ ಜಾಲರಿ ಹರಿದರೆ: ತೇಪೆಯೋ, ಹೊಸದೋ?

ತೂತಿನ ಅಳತೆಗಿಂತ ಮೊದಲು ಜಾಲರಿಯ ಗಟ್ಟಿತನ ನೋಡಿ. ಹರಿದ ಅಂಚನ್ನು ಎರಡು ಬೆರಳಲ್ಲಿ ಮಡಚಿ ಉಜ್ಜಿ. ಎಳೆ ಪುಡಿಯಾಗಿ ಉದುರಿದರೆ ತೇಪೆ ಹಾಕಿ ಫಲವಿಲ್ಲ, ಪಕ್ಕದಲ್ಲೇ ಮತ್ತೆ ಹರಿಯುತ್ತದೆ. ಕಲಬುರಗಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಪಶ್ಚಿಮಕ್ಕೆ ಮುಖವಿರುವ ವರಾಂಡದಲ್ಲಿ ಫೈಬರ್ ಜಾಲರಿಯ ಪ್ಲಾಸ್ಟಿಕ್ ಲೇಪ ಬಿಸಿಲಿಗೇ ಬೇಗ ಹಾಳಾಗುತ್ತದೆ.

ಎಳೆ ಗಟ್ಟಿಯಿದ್ದು ತೂತು ಎರಡು ಇಂಚಿನೊಳಗಿದ್ದರೆ ತೇಪೆ ಸಾಕು. ಸುತ್ತಲೂ ಒಂದಿಂಚು ಹೆಚ್ಚಿರುವ ತುಂಡು ಕತ್ತರಿಸಿ, ಧೂಳು ತೊಳೆದು, ಒಣಗಿದ ಮೇಲೆ ನೈಲಾನ್ ದಾರದಿಂದ ಹೊಲಿಯಿರಿ. ಅಂಟು ಸುಲಭ ನಿಜ, ಆದರೆ ನಮ್ಮ ಬಿಸಿಲಿಗೆ ಹೊಲಿಗೆಯೇ ಹೆಚ್ಚು ಬಾಳುತ್ತದೆ.

ಮೂಲೆಯಲ್ಲಿ, ಬೀಡಿಂಗ್ (ಜಾಲರಿಯನ್ನು ಫ್ರೇಮಿನ ಸಂದಿನಲ್ಲಿ ಹಿಡಿದಿಡುವ ರಬ್ಬರ್ ಎಳೆ) ಪಕ್ಕದಲ್ಲಿ ಹರಿದಿದ್ದರೆ ಇಡೀ ಜಾಲರಿ ಬದಲಿಸಿ. ಹಳೆಯ ರಬ್ಬರ್ ಬೀಡಿಂಗ್ ಕಿತ್ತು, ಅದರದೊಂದು ತುಂಡನ್ನು ಹಾರ್ಡ್‌ವೇರ್ ಅಂಗಡಿಗೆ ಒಯ್ದು ಅದೇ ದಪ್ಪದ್ದು ತನ್ನಿ: ತೆಳುವಾದರೆ ಜಾಲರಿ ಜಾರುತ್ತದೆ, ದಪ್ಪವಾದರೆ ಫ್ರೇಮಿನ ಸಂದಿನಲ್ಲಿ ಕೂರುವುದಿಲ್ಲ. ಹೊಸ ಜಾಲರಿಯನ್ನು ನಾಲ್ಕೂ ಕಡೆ ಎರಡಿಂಚು ಹೆಚ್ಚು ಬಿಟ್ಟು ಕತ್ತರಿಸಿ, ಫ್ರೇಮಿನ ಮೇಲೆ ಹಾಸಿ, ಒಂದು ಮೂಲೆಯಿಂದ ಬೀಡಿಂಗನ್ನು ರೋಲರ್‌ನಿಂದ (ಹಿಡಿಯಿರುವ ಸಣ್ಣ ಚಕ್ರ) ಸಂದಿನೊಳಗೆ ಒತ್ತುತ್ತಾ ಬನ್ನಿ. ಜಾಲರಿಯನ್ನು ಜಗ್ಗಬೇಡಿ. ಜಗ್ಗಿದರೆ ಫ್ರೇಮಿನ ಅಲ್ಯೂಮಿನಿಯಂ ಪಟ್ಟಿ ನಡುವೆ ಒಳಕ್ಕೆ ಬಾಗಿ, ಬಾಗಿಲಿಗೂ ಚೌಕಟ್ಟಿಗೂ ಸಂದಿ ಬೀಳುತ್ತದೆ. ಸೊಳ್ಳೆ ಬರುವುದು ಅಲ್ಲಿಂದಲೇ. ಉಳಿದ ಅಂಚನ್ನು ಕೊನೆಗೆ, ಬೀಡಿಂಗಿನ ಹೊರಬದಿಯಲ್ಲಿ, ಹೊಸ ಬ್ಲೇಡಿನಿಂದ ಕೊಯ್ಯಿರಿ. ಮೊಂಡು ಬ್ಲೇಡು ಎಳೆ ಎಳೆದು ಸುಕ್ಕು ಮಾಡುತ್ತದೆ.

ಬೆಕ್ಕು, ಇಲಿ, ಕೋತಿಯ ಕಾಟವಿದ್ದರೆ ಫೈಬರ್ ಬೇಡ. ಸುಲಭವಾಗಿ ತುಕ್ಕು ಹಿಡಿಯದ 304 ದರ್ಜೆಯ ಸ್ಟೀಲ್ ಜಾಲರಿ ಹಾಕಿಸಿ. ದುಬಾರಿ, ಒಮ್ಮೆ ಮಡಚಿದ ಗೆರೆ ಹೋಗುವುದೂ ಇಲ್ಲ, ಆದರೆ ಉಗುರಿಗೆ, ಹಲ್ಲಿಗೆ ಸುಲಭವಾಗಿ ಹರಿಯುವುದಿಲ್ಲ.