ಪೆಡಲ್ ಕೆಳಗೆ ಹಿಡಿಯುತ್ತಿದೆ ಅಂತ ಪುಶ್ ರಾಡ್ ತಿರುಗಿಸಲು ಹೋಗಬೇಡಿ

ಹೈಡ್ರಾಲಿಕ್ ಕ್ಲಚ್ (ಕೇಬಲ್ ಬದಲು ಪೈಪಿನೊಳಗಿನ ಫ್ಲೂಯಿಡ್ ಒತ್ತಡದಿಂದ ಕೆಲಸ ಮಾಡುವುದು) ಇರುವ ಕಾರು. ದೂರು ಚಿಕ್ಕದು: ಪೆಡಲ್ ನೆಲದಿಂದ ಒಂದಿಷ್ಟು ಎತ್ತಿದ ಕೂಡಲೇ ಗಾಡಿ ಹೊರಡುತ್ತದೆ, ರಿವರ್ಸ್ ಹಾಕುವಾಗ ಗೇರ್ ಕರಕರ ಎನ್ನುತ್ತದೆ. ಮೆಕ್ಯಾನಿಕ್ ಡ್ಯಾಶ್‌ಬೋರ್ಡ್ ಕೆಳಗೆ ತಲೆ ಹಾಕಿ, ಪೆಡಲ್‌ನಿಂದ ಮಾಸ್ಟರ್ ಸಿಲಿಂಡರ್‌ಗೆ (ಪೆಡಲ್ ಒತ್ತಿದಾಗ ಫ್ಲೂಯಿಡನ್ನು ತಳ್ಳುವುದು ಇದು) ಹೋಗುವ ಪುಶ್ ರಾಡ್‌ನ ಲಾಕ್ ನಟ್ ಸಡಿಲಿಸಿ, ರಾಡನ್ನು ಮೂರು ಸುತ್ತು ಉದ್ದ ಮಾಡಿದ. ಹತ್ತು ನಿಮಿಷದ ಕೆಲಸ. ಪೆಡಲ್ ಇನ್ನೂ ಎತ್ತರಕ್ಕೆ ಬಂದ ಮೇಲೆ ಕ್ಲಚ್ ಹಿಡಿಯತೊಡಗಿತು, ರಿವರ್ಸ್ ಬೆಣ್ಣೆಯಂತೆ ಬಿತ್ತು.

ಎರಡು ವಾರ ಕಳೆಯುವುದರೊಳಗೆ, ಏರು ರಸ್ತೆಯಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಏರುವುದಿಲ್ಲ, ಸುಟ್ಟ ವಾಸನೆ. ಅರ್ಧ ಗಂಟೆ ನಿಲ್ಲಿಸಿದರೆ ಮತ್ತೆ ಸರಿ. ಬೆಳಿಗ್ಗೆ ತಣ್ಣಗಿರುವಾಗ ಓಡಿಸಿ ನೋಡಿದವರಿಗೆಲ್ಲ ಕ್ಲಚ್ ಚೆನ್ನಾಗಿಯೇ ಕಂಡಿತು. ಕೊನೆಗೆ ಗೇರ್‌ಬಾಕ್ಸ್ ಇಳಿಸಿದಾಗ ಕ್ಲಚ್ ಪ್ಲೇಟಿನ ಲೈನಿಂಗ್ (ಹಿಡಿತ ಕೊಡುವ ಪದರ) ರಿವೆಟ್ ಮಟ್ಟಕ್ಕೆ ಸವೆದಿತ್ತು, ಫ್ಲೈವೀಲ್ ಮೇಲೆ ನೀಲಿ ಕಲೆಗಳು ಮತ್ತು ಕೂದಲೆಳೆಯಂಥ ಬಿರುಕುಗಳು. ಪೈಪಿನ ಇನ್ನೊಂದು ತುದಿಯಲ್ಲಿ ಕ್ಲಚ್ಚನ್ನು ಒತ್ತುವ ಸ್ಲೇವ್ ಸಿಲಿಂಡರ್‌ನ ರಬ್ಬರ್ ಬೂಟ್ ಬಿಚ್ಚಿದರೆ ಒಳಗೆ ಫ್ಲೂಯಿಡ್ ಒಸರುತ್ತಿತ್ತು. ಮೊದಲ ದಿನದ ದೂರಿಗೆ ಕಾರಣ ಅದೇ. ಒಂದು ಸೀಲ್ ಬದಲಿಸಿ ಏರ್ ತೆಗೆದಿದ್ದರೆ ಮುಗಿಯುತ್ತಿದ್ದ ಕೆಲಸ ಅದು.

ಪುಶ್ ರಾಡ್ ಉದ್ದ ಮಾಡಿದ್ದಕ್ಕೆ ಪ್ಲೇಟ್ ಯಾಕೆ ಸುಡಬೇಕು? ಮಾಸ್ಟರ್ ಸಿಲಿಂಡರ್‌ನ ಗೋಡೆಯಲ್ಲಿ ಒಂದು ಸಣ್ಣ ತೂತು ಇರುತ್ತದೆ, ಅದು ಫ್ಲೂಯಿಡ್ ತುಂಬಿಡುವ ಡಬ್ಬಿಗೆ, ಅಂದರೆ ರಿಸರ್ವಾಯರ್‌ಗೆ, ಕೂಡುತ್ತದೆ. ಕಾಲು ತೆಗೆದಾಗ ಪಿಸ್ಟನ್ ಪೂರ್ತಿ ಹಿಂದೆ ಬಂದರೆ ಮಾತ್ರ ತೂತು ತೆರೆದುಕೊಳ್ಳುತ್ತದೆ, ಬಿಸಿಯಾಗಿ ಹಿಗ್ಗಿದ ಫ್ಲೂಯಿಡ್ ಅದರ ಮೂಲಕ ಮೇಲಕ್ಕೆ ಹೋಗುತ್ತದೆ. ರಾಡ್ ಉದ್ದವಾಗಿ ಫ್ರೀ ಪ್ಲೇ (ಪೆಡಲ್ ಒತ್ತಿದಾಗ ಮೊದಲು ಸಿಗುವ ಸಡಿಲು) ಇಲ್ಲದಂತಾದರೆ ಪಿಸ್ಟನ್ ತೂತನ್ನು ಮುಚ್ಚಿಕೊಂಡೇ ಕೂರುತ್ತದೆ. ಎಂಜಿನ್ ಕಾವಿಗೆ ಹಿಗ್ಗಿದ ಫ್ಲೂಯಿಡ್‌ಗೆ ಬೇರೆ ದಾರಿ ಇಲ್ಲ, ಸ್ಲೇವನ್ನು ತಳ್ಳುತ್ತದೆ. ನೀವು ಪೆಡಲ್ ಮುಟ್ಟದಿದ್ದರೂ ಕ್ಲಚ್ ಅರೆಬರೆ ಒತ್ತಿದಂತೆಯೇ ಇರುತ್ತದೆ. ತಣ್ಣಗಾದರೆ ಫ್ಲೂಯಿಡ್ ಕುಗ್ಗಿ ಎಲ್ಲ ಸರಿ. ತಣ್ಣಗೆ ಹಿಡಿದು ಬಿಸಿಯಾದಾಗ ಜಾರುವ ಕ್ಲಚ್ ಕಂಡರೆ, ಪ್ಲೇಟ್ ಹೋಯಿತು ಎಂದು ತೀರ್ಮಾನಿಸುವ ಮೊದಲು ಈ ತೂತು ನೆನಪಾಗಬೇಕು.

ಪರೀಕ್ಷೆ ಸುಲಭ. ಕ್ಲಚ್ ಜಾರುತ್ತಿರುವಾಗಲೇ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಮಾಸ್ಟರ್ ಬಳಿಯ ಪೈಪ್ ಜಾಯಿಂಟನ್ನು ಬಟ್ಟೆ ಸುತ್ತಿ ಸ್ವಲ್ಪ ಸಡಿಲಿಸಿ. ಫ್ಲೂಯಿಡ್ ಚಿಮ್ಮಿ ಒತ್ತಡ ಇಳಿದು ಕ್ಲಚ್ ಮತ್ತೆ ಹಿಡಿದರೆ ತಪ್ಪು ಮಾಸ್ಟರ್ ಅಥವಾ ಪುಶ್ ರಾಡ್‌ನದು. ಅಲ್ಲಿ ಏನೂ ಆಗದೆ ಸ್ಲೇವ್‌ನ ಬ್ಲೀಡರ್ ನಿಪ್ಪಲ್ (ಏರ್ ಹೊರಬಿಡುವ ಸ್ಕ್ರೂ) ಸಡಿಲಿಸಿದಾಗ ಮಾತ್ರ ಚಿಮ್ಮಿದರೆ, ನಡುವಿನ ರಬ್ಬರ್ ಹೋಸ್ ಒಳಗೆ ಊದಿ ಮುಚ್ಚಿಕೊಂಡಿದೆ. ಜಾಯಿಂಟ್ ಬಿಚ್ಚಿದ ಮೇಲೆ ಏರ್ ತೆಗೆಯಲೇಬೇಕು.

ಪೆಡಲ್ ಕೆಳಗೆ ಹಿಡಿಯುತ್ತಿದ್ದರೆ ಸ್ಪ್ಯಾನರ್ ಎತ್ತುವ ಮೊದಲು ಕಾಲಲ್ಲೇ ಕಂಡುಕೊಳ್ಳಬಹುದಾದದ್ದು ಬಹಳ. ಮೊದಲು ಪೆಡಲ್ ಕೆಳಗಿನ ಮ್ಯಾಟ್ ತೆಗೆಯಿರಿ. ನಗಬೇಡಿ, ಎರಡು ಮ್ಯಾಟ್ ಒಂದರ ಮೇಲೊಂದು ಹಾಸಿದ್ದಕ್ಕೇ ಪೆಡಲ್ ಪೂರ್ತಿ ಇಳಿಯದೆ ಗೇರ್ ಬೀಳದ ಕಾರುಗಳು ಇವೆ. ನಂತರ ಎಂಜಿನ್ ಐಡಲ್‌ನಲ್ಲಿರುವಾಗ ಪೆಡಲ್ ನೆಲ ಮುಟ್ಟಿಸಿ, ಮೂರ್ನಾಲ್ಕು ಸೆಕೆಂಡ್ ಕಾದು ರಿವರ್ಸ್ ಹಾಕಿ. ಕರಕರ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಈಗ ಪೆಡಲನ್ನು ಬೇಗಬೇಗ ನಾಲ್ಕೈದು ಸಲ ತುಳಿದು ಮತ್ತೆ ಹಾಕಿ. ಈ ಬಾರಿ ಸಲೀಸಾಗಿ ಬಿದ್ದರೆ ಲೈನಿನಲ್ಲಿ ಏರ್ ಇದೆ, ಪೆಡಲ್ ಸ್ಪಂಜಿನಂತೆ ಮೆತ್ತಗಿರುವುದೂ ಅದರದೇ ಗುರುತು. ಮೂರನೆಯದು: ಮುಂದೆ ಏನೂ ಇಲ್ಲದ ಸಮತಟ್ಟು ಜಾಗದಲ್ಲಿ ಫಸ್ಟ್ ಗೇರ್ ಹಾಕಿ, ಪೆಡಲ್ ಒತ್ತಿ ಹಿಡಿದು, ಬ್ರೇಕ್ ಮೇಲೆ ಕಾಲು ಸಿದ್ಧವಿಟ್ಟುಕೊಂಡು ಒಂದು ನಿಮಿಷ ಕಾಯಿರಿ. ಗಾಡಿ ಮೆಲ್ಲಗೆ ತೆವಳತೊಡಗಿದರೆ ಎಲ್ಲೋ ಸೀಲ್ ದಾಟಿ ಫ್ಲೂಯಿಡ್ ಹೋಗುತ್ತಿದೆ. ಹೊರಗೆ ಒದ್ದೆ ಕಂಡರೆ ಸ್ಲೇವ್ ಅಥವಾ ಪೈಪ್. ಎಲ್ಲೂ ಒದ್ದೆ ಇಲ್ಲದಿದ್ದರೆ ಹೆಚ್ಚಾಗಿ ಮಾಸ್ಟರ್‌ನ ಒಳಗಿನ ಕಪ್, ಅಂದರೆ ಪಿಸ್ಟನ್‌ನ ರಬ್ಬರ್ ಸೀಲ್. ಪೆಡಲ್ ಮೇಲ್ಭಾಗದಲ್ಲಿ ಪುಶ್ ರಾಡ್ ಮಾಸ್ಟರ್ ಒಳಗೆ ಹೋಗುವ ಕಡೆ ಬೆರಳಾಡಿಸಿ ನೋಡುವುದನ್ನು ಮರೆಯಬೇಡಿ, ಅಲ್ಲಿನ ಸೋರಿಕೆ ಕಾರ್ಪೆಟ್ ಒಳಗೆ ಇಂಗಿಹೋಗುತ್ತದೆ.

ಏರ್ ತೆಗೆಯುವಾಗ ರಿಸರ್ವಾಯರ್ ಮುಚ್ಚಳದ ಮೇಲೆ ಬರೆದಿರುವ ದರ್ಜೆಯ ಫ್ಲೂಯಿಡ್ ಮಾತ್ರ, ಹೆಚ್ಚಿನ ಕಾರುಗಳಲ್ಲಿ ಡಾಟ್ 3 ಅಥವಾ ಡಾಟ್ 4. ಎಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್ ಒಂದು ಹನಿ ಬಿದ್ದರೂ ರಬ್ಬರ್ ಊದಿ ಹಾಳಾಗುತ್ತದೆ. ಪೆಡಲ್ ಒತ್ತಿ ಹಿಡಿದ ಮೇಲೆ ನಿಪ್ಪಲ್ ಅರ್ಧ ಸುತ್ತು ಬಿಚ್ಚಿ, ಗುಳ್ಳೆ ಹೊರಬಂದ ಮೇಲೆ ಮುಚ್ಚಿ, ಆಮೇಲೆ ಪೆಡಲ್ ನಿಧಾನವಾಗಿ ಎತ್ತಿ. ಮೇಲೆ ಬರದಿದ್ದರೆ ಕೈಯಿಂದಲೇ ಎತ್ತಿ. ಬಹಳಷ್ಟು ಕಾರುಗಳಲ್ಲಿ ಕ್ಲಚ್‌ಗೂ ಬ್ರೇಕ್‌ಗೂ ಒಂದೇ ರಿಸರ್ವಾಯರ್, ಆದ್ದರಿಂದ ಮಟ್ಟ ಇಳಿಯಲು ಬಿಡಬೇಡಿ.

ಕೇಬಲ್ ಕ್ಲಚ್‌ನಲ್ಲಿ ಇದೇ ತಪ್ಪು ತಿರುಗಾಮುರುಗಾ ನಡೆಯುತ್ತದೆ. ಪ್ಲೇಟ್ ಸವೆದಂತೆ ಪ್ರೆಶರ್ ಪ್ಲೇಟ್ ಫ್ಲೈವೀಲ್ ಕಡೆಗೆ ಸರಿಯುತ್ತದೆ, ಅದನ್ನು ಒತ್ತಿ ಹಿಡಿಯುವ ಡಯಾಫ್ರಮ್ ಸ್ಪ್ರಿಂಗಿನ ಬೆರಳುಗಳು ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಆ ಬೆರಳುಗಳನ್ನು ತಳ್ಳುವ ಬೇರಿಂಗ್) ಕಡೆಗೆ ಬರುತ್ತವೆ. ಆಗ ಫ್ರೀ ಪ್ಲೇ ಕಡಿಮೆಯಾಗಿ, ಪೆಡಲ್ ಎತ್ತರಕ್ಕೆ ಬಂದ ಮೇಲೆ ಕ್ಲಚ್ ಹಿಡಿಯುತ್ತದೆ. ಆದ್ದರಿಂದ ಸವೆದ ಕ್ಲಚ್‌ಗೆ ಬೇಕಾದದ್ದು ಅಡ್ಜಸ್ಟಿಂಗ್ ನಟ್ ಸಡಿಲಿಸುವುದು. "ಕ್ಲಚ್ ಜಾರ್ತಿದೆ, ಸ್ವಲ್ಪ ಟೈಟ್ ಮಾಡಿ" ಎಂದು ಹೇಳಿ ಮಾಡಿಸಿಕೊಂಡವರು ಉಳಿದ ಪ್ಲೇಟನ್ನೂ ತಾವೇ ಸುಟ್ಟಂತೆ. ಕೇಬಲ್ ಹಿಗ್ಗಿದ್ದು ಖಚಿತವಾದರೆ ಮಾತ್ರ ಬಿಗಿಸಿ. ಒಂದೆರಡು ಎಳೆ ತುಂಡಾಗಿ ನಿಂತಿದ್ದರೆ ಬಿಗಿಸುವುದೂ ಬೇಡ, ಬದಲಿಸಿ. ಪೆಡಲ್ ಭಾರವಾಗಿದ್ದರೆ ಕೇಬಲನ್ನು ಎರಡೂ ತುದಿ ಬಿಚ್ಚಿ ಕೈಯಲ್ಲಿ ಎಳೆದು ನೋಡಿ. ಅಲ್ಲೇ ಬಿಗಿಯಿದ್ದರೆ ಗೇರ್‌ಬಾಕ್ಸ್ ಇಳಿಸುವ ಮಾತೇ ಬೇಡ. ತಾನಾಗಿಯೇ ಅಡ್ಜಸ್ಟ್ ಆಗುವ ಕೇಬಲ್ ಇದ್ದರೆ ಮುಟ್ಟಲು ನಟ್ಟೇ ಇರುವುದಿಲ್ಲ.

ಫ್ರೀ ಪ್ಲೇ ಅಳೆಯಲು ಕಾಲು ಬಳಸಬೇಡಿ, ಕಾಲಿಗೆ ಅದು ಗೊತ್ತಾಗುವುದಿಲ್ಲ. ಪೆಡಲ್ ಪಕ್ಕಕ್ಕೆ ಸ್ಕೇಲ್ ನಿಲ್ಲಿಸಿ ಎರಡು ಬೆರಳಲ್ಲಿ ಒತ್ತಿ. ಮೊದಲು ಸಡಿಲವಾಗಿ ಇಳಿಯುತ್ತದೆ, ಆಮೇಲೆ ಒಂದು ಗಟ್ಟಿತನ ಸಿಗುತ್ತದೆ. ಅಲ್ಲಿಯವರೆಗಿನ ದೂರವೇ ಫ್ರೀ ಪ್ಲೇ. ಕೇಬಲ್ ಕಾರುಗಳಲ್ಲಿ ಸಾಮಾನ್ಯವಾಗಿ 10ರಿಂದ 25 ಮಿಲಿಮೀಟರ್. ಹೈಡ್ರಾಲಿಕ್‌ನಲ್ಲಿ ಇನ್ನೂ ಕಡಿಮೆ, ಪುಶ್ ರಾಡ್ ಪಿಸ್ಟನ್‌ಗೆ ತಾಗುವ ಮುನ್ನ ಒಂದು ಸಣ್ಣ ಸಡಿಲು, ಅಷ್ಟೇ. ನಿಮ್ಮ ಕಾರಿನ ಮ್ಯಾನ್ಯುಯಲ್ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಕೊನೆಯ ಮಾತು. ಲಾಕ್ ನಟ್ ಬಿಗಿಸುವಾಗ ರಾಡ್ ಜೊತೆಗೇ ತಿರುಗಿ ಅಳತೆ ಕೆಡುತ್ತದೆ, ಹಾಗಾಗಿ ಬಿಗಿಸಿದ ಮೇಲೆ ಮತ್ತೆ ಅಳೆಯಿರಿ. ಆಮೇಲೆ ಅರ್ಧ ಗಂಟೆ ಓಡಿಸಿ, ಎಂಜಿನ್ ಚೆನ್ನಾಗಿ ಬಿಸಿಯಿರುವಾಗ ಇನ್ನೊಮ್ಮೆ ಬೆರಳಿಟ್ಟು ನೋಡಿ. ಆಗಲೂ ಆ ಸಡಿಲು ಇರಬೇಕು.