ಗೆರೆಯ ಪಾಠಕ್ಕೆ ಜಿಯೋಜೀಬ್ರಾ: ಬದಿಯಡ್ಕದ ಟ್ಯೂಷನ್ ಮನೆಯಿಂದ

ಸರಳರೇಖೆಯ ಪಾಠಕ್ಕೆ ಫೋನಿನಲ್ಲಿ ಒಂದೇ ಆ್ಯಪ್ ಸಾಕು ಅಂತಾದರೆ, ಜಿಯೋಜೀಬ್ರಾ ಗ್ರಾಫಿಂಗ್ ಕ್ಯಾಲ್ಕುಲೇಟರ್ ಹಾಕಿಕೊಳ್ಳಿ. ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಕನ್ನಡ ಮಾಧ್ಯಮದ ಹೈಸ್ಕೂಲ್ ಮಕ್ಕಳಿಗೆ ಸಂಜೆ ಲೆಕ್ಕ ಹೇಳಿಕೊಡುವವಳು ನಾನು. ಇದು ಪುಕ್ಕಟೆ. ಒಮ್ಮೆ ಹಾಕಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ನಮ್ಮ ಮಳೆಗಾಲಕ್ಕೆ ಅದೇ ದೊಡ್ಡ ಉಪಕಾರ. ಕೇರಳದ ಶಾಲೆಗಳ ಕಂಪ್ಯೂಟರ್ ಲ್ಯಾಬಿನಲ್ಲೂ ಇದೇ ಇರುವುದರಿಂದ ಮಕ್ಕಳಿಗೆ ಹೆಸರು ಹೊಸತಲ್ಲ. 2001ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗಿನಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಶುರು ಮಾಡಿದ ಕೆಲಸ ಇದು.

ನನಗೆ ಇಷ್ಟವಾಗಿದ್ದು ಸ್ಲೈಡರ್. ವೈ = ಎಂಎಕ್ಸ್ + ಸಿ (ಎಂ ಅಂದರೆ ಗೆರೆಯ ಇಳಿಜಾರು, ಸ್ಲೋಪ್; ಸಿ ಅಂದರೆ ಗೆರೆ ವೈ ಅಕ್ಷಕ್ಕೆ ತಾಗುವ ಜಾಗ, ಇಂಟರ್‌ಸೆಪ್ಟ್) ಅಂತ ಬರೆದರೆ ಎಂ, ಸಿ ಎರಡಕ್ಕೂ ಜಾರಿಸುವ ಪಟ್ಟಿ ತಾನಾಗಿಯೇ ಬರುತ್ತದೆ. ಸಿ ಜಾರಿಸಿದರೆ ಗೆರೆ ವಾಲಿಕೆ ಬಿಡದೆ ಮೇಲೆ ಕೆಳಗೆ ಹೋಗುತ್ತದೆ. ಎಂ ಜಾರಿಸಿದರೆ ವೈ ಅಕ್ಷದ ಮೇಲಿನ ಬಿಂದು ಅಲ್ಲೇ ನಿಲ್ಲುತ್ತದೆ, ಗೆರೆ ಮಾತ್ರ ಅದರ ಸುತ್ತ ತಿರುಗುತ್ತದೆ. ಎಂ ಸೊನ್ನೆ ದಾಟಿ ಮೈನಸ್ ಆಗುವ ಹೊತ್ತಿಗೆ, ಏರುತ್ತಿದ್ದ ಗೆರೆ ಒಮ್ಮೆ ಅಡ್ಡ ಮಲಗಿ ಆಮೇಲೆ ಇಳಿಯತೊಡಗುತ್ತದೆ. ಬೋರ್ಡಿನಲ್ಲಿ ಎಷ್ಟು ಗೆರೆ ಎಳೆದರೂ ಈ ಚಲನೆ ತೋರಿಸಲು ಆಗುವುದಿಲ್ಲ. ಸ್ಲೋಪ್ ಅನ್ನುವ ಟೂಲ್ ಒತ್ತಿ ಗೆರೆ ಮುಟ್ಟಿದರೆ ಪುಟ್ಟ ತ್ರಿಕೋನ ಬರುತ್ತದೆ: ಬಲಕ್ಕೆ 1 ಹೋದರೆ ಮೇಲಕ್ಕೆ ಎಷ್ಟು ಅಂತ.

ಆಟೋ ಬಾಡಿಗೆಯನ್ನು ಇದರಲ್ಲಿ ಹಾಕಿ ನೋಡಿ. 2022ರಲ್ಲಿ ಕೇರಳದಲ್ಲಿ ನಿಗದಿಯಾದ ದರ: ಮೊದಲ 1.5 ಕಿಲೋಮೀಟರಿಗೆ 30 ರೂಪಾಯಿ, ಆಮೇಲೆ ಕಿಲೋಮೀಟರಿಗೆ 15. ಇಳಿಜಾರು 15 ಅಂತ ಮಕ್ಕಳು ಬೇಗ ಹೇಳುತ್ತಾರೆ. ಇಂಟರ್‌ಸೆಪ್ಟ್ ಕೇಳಿದರೆ 30 ಅನ್ನುತ್ತಾರೆ. ಅಲ್ಲ. 1.5ರ ತನಕ ಗೆರೆ ಅಡ್ಡ ಇರುತ್ತದೆ, ಏರುವುದು ಅಲ್ಲಿಂದ. ಎಕ್ಸ್ ಕಿಲೋಮೀಟರ್, ವೈ ರೂಪಾಯಿ ಅಂತಾದರೆ ಏರುವ ಗೆರೆಯ ಸಮೀಕರಣ ವೈ = 15ಎಕ್ಸ್ + 7.5. ಅದನ್ನು ಹಿಂದಕ್ಕೆ ಎಳೆದರೆ ವೈ ಅಕ್ಷಕ್ಕೆ ತಾಗುವುದು 7.5ರಲ್ಲಿ. ಏಳೂವರೆ ರೂಪಾಯಿ ಯಾರೂ ಕೊಡುವುದಿಲ್ಲ, ಆದರೂ ಅದಿಲ್ಲದೆ ಲೆಕ್ಕ ಸರಿಯಾಗುವುದಿಲ್ಲ. 4 ಕಿಲೋಮೀಟರಿಗೆ ಹಾಕಿ ನೋಡಿ, 67.5 ಬರುತ್ತದೆ. ಪರದೆಯಲ್ಲಿ ಇದನ್ನು ಕಂಡ ಮಕ್ಕಳು ಆಮೇಲೆ ಸುಮ್ನೆ ಮೊದಲ ಸಂಖ್ಯೆಯನ್ನು ಇಂಟರ್‌ಸೆಪ್ಟ್ ಅನ್ನುವುದಿಲ್ಲ.

ಒಂದು ಎಚ್ಚರ ಬೇಕು. ಒಂದು ಅಕ್ಷವನ್ನು ಮಾತ್ರ ಹಿಡಿದು ಎಳೆದರೆ ಎರಡು ಅಕ್ಷಗಳ ಅಳತೆ ಬೇರೆಯಾಗುತ್ತದೆ. ಆಗ ಇಳಿಜಾರು 2 ಇರುವ ಗೆರೆಯೂ ಚಪ್ಪಟೆಯಾಗಿ ಕಾಣಬಹುದು. ಬದಲಾದದ್ದು ನೋಟ, ಇಳಿಜಾರಲ್ಲ. ಅಕ್ಷದ ಮೇಲಿನ ಅಂಕಿ ಓದುವ ಅಭ್ಯಾಸ ಮಾಡಿಸಿ.

ಇಷ್ಟಾದರೂ ಕಾಗದ ಬಿಡಬೇಡಿ. ಪರೀಕ್ಷೆಯಲ್ಲಿ ಫೋನ್ ಇರುವುದಿಲ್ಲ ಅಲ್ವಾ? (1, 5) ಮತ್ತು (3, 9) ಬಿಂದುಗಳನ್ನು ಕೊಟ್ಟರೆ ಮೇಲಕ್ಕೆ ಹೋದದ್ದು 4, ಬಲಕ್ಕೆ 2; 4 ಭಾಗಿಸು 2, ಇಳಿಜಾರು 2. ಎಕ್ಸ್ 1ರಿಂದ ಸೊನ್ನೆಗೆ ಒಂದು ಹೆಜ್ಜೆ ಹಿಂದೆ ಬಂದು 5ರಿಂದ 2 ಕಳೆದರೆ ಇಂಟರ್‌ಸೆಪ್ಟ್ 3. ಇದನ್ನು ಕೈಯಲ್ಲೇ ಮಾಡಿಸುತ್ತೇನೆ. (0, 3) ಗುರುತಿಸಿ, ಒಂದು ಬಲಕ್ಕೆ, ಎರಡು ಮೇಲಕ್ಕೆ, ಸ್ಕೇಲ್ ಇಟ್ಟು ಗೆರೆ. ಆಮೇಲೆ ಆ್ಯಪ್ ತೆರೆದು ತಾಳೆ ನೋಡಲಿ. ಗ್ರಾಫ್ ಪುಸ್ತಕ ಕೊಳ್ಳುವಾಗ ಅಂಗಡಿಯಲ್ಲೇ ಸ್ಕೇಲ್ ಇಟ್ಟು ಅಳೆಯಿರಿ. ನಾನು ತಂದ ಒಂದು ಪುಸ್ತಕದಲ್ಲಿ ಚೌಕಗಳು ಉದ್ದಕ್ಕಿಂತ ಅಗಲ ಜಾಸ್ತಿ ಇದ್ದವು. ಅದರಲ್ಲಿ ಎಳೆದ ಗೆರೆ ಯಾವುದೂ ಪರದೆಯ ಗೆರೆಯಂತೆ ಕಾಣಲಿಲ್ಲ.