ಹಳೆಯ ಮನೆಯ ನವೀಕರಣ: ಮೈಸೂರಿನ ಒಂದು ಗುತ್ತಿಗೆ ಸಂಸ್ಥೆಯ ಕೆಲಸ ಹೇಗಿತ್ತು

ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಮನೆ 1980ರ ದಶಕದಲ್ಲಿ ಕಟ್ಟಿದ್ದು. ಎರಡು ಬಚ್ಚಲುಮನೆ, ಅಡುಗೆಮನೆ ಮತ್ತು ಇಡೀ ಮನೆಯ ವೈರಿಂಗನ್ನು ಹೊಸದಾಗಿ ಮಾಡಿಸುವ ಕೆಲಸವನ್ನು ನಗರದ ಒಂದು ನವೀಕರಣ ಸಂಸ್ಥೆಗೆ ಗುತ್ತಿಗೆಗೆ ಕೊಟ್ಟಿದ್ದೆವು. ಒಂದೇ ಸಂಸ್ಥೆಯಲ್ಲಿ ತಂಡ ಬದಲಾದರೆ ಕೆಲಸದ ಗುಣವೂ ಬದಲಾಗುವುದರಿಂದ ಹೆಸರನ್ನು ಬಿಟ್ಟು, ಕೆಲಸ ನಡೆದ ಕ್ರಮವನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ. ಮನೆ ನವೀಕರಣಕ್ಕೆ ಹೊರಟವರಿಗೆ ಅದೇ ಹೆಚ್ಚು ಉಪಯೋಗವಾದೀತು.

ಕೊಟೇಶನ್ ಚೆನ್ನಾಗಿತ್ತು. ಚದರಡಿಗೆ ಇಷ್ಟು ಎಂದು ಒಂದೇ ಸಾಲಿನಲ್ಲಿ ಮುಗಿಸದೆ, ಪ್ರತಿ ಕೋಣೆಗೂ ಯಾವ ಪೈಪು, ಯಾವ ವೈರು, ಎಷ್ಟು ದಪ್ಪದ ಪ್ಲೈವುಡ್ ಎಂಬುದನ್ನು ಬಿಡಿಬಿಡಿಯಾಗಿ ಬರೆದು ಕೊಟ್ಟರು. ಆದರೆ ಶೇ 18ರ ಜಿಎಸ್‌ಟಿ ಪ್ರತ್ಯೇಕ ಎಂಬ ಮಾತು ಕೊನೆಯ ಪುಟದ ಕೆಳಗಿತ್ತು. ಇಷ್ಟು ದೊಡ್ಡ ಮೊತ್ತವನ್ನು ಮೊದಲ ಪುಟದಲ್ಲೇ ಹೇಳಬೇಕಿತ್ತು. ಒಡೆದ ಅವಶೇಷವನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸುವ ಖರ್ಚು ಕೊಟೇಶನ್‌ನಲ್ಲಿಯೇ ಸೇರಿತ್ತು. ಇದು ಸೇರಿದೆಯೇ ಎಂದು ಎಲ್ಲರೂ ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ಹಳೆಯ ಮನೆಯಲ್ಲಿ ಗೋಡೆ ಒಡೆಯುವವರೆಗೆ ನಿಜವಾದ ಖರ್ಚು ಯಾರಿಗೂ ಗೊತ್ತಾಗುವುದಿಲ್ಲ. ನಮ್ಮಲ್ಲಿ ಬಚ್ಚಲಿನ ಗೋಡೆಯೊಳಗಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪುಗಳು ಒಳಗೊಳಗೇ ತುಕ್ಕು ಹಿಡಿದು, ಬೆರಳು ತೂರದಷ್ಟು ಕಿರಿದಾಗಿದ್ದವು. ಅಂದಾಜಿನಲ್ಲಿ ಇಲ್ಲದ ಆ ಕೆಲಸವನ್ನು ಮೇಲ್ವಿಚಾರಕರು ಏಕಾಏಕಿ ಮುಂದುವರಿಸಲಿಲ್ಲ. ಒಡೆದ ಜಾಗದ ಫೋಟೊ, ತುಕ್ಕು ಹಿಡಿಯದ ಸಿಪಿವಿಸಿ ಪ್ಲಾಸ್ಟಿಕ್ ಪೈಪು ಹಾಕಲು ತಗಲುವ ಹೆಚ್ಚುವರಿ ಮೊತ್ತ ಎರಡನ್ನೂ ಕಳುಹಿಸಿ, ನಾವು ಒಪ್ಪಿಗೆ ಬರೆದು ಕೊಟ್ಟ ಮೇಲೆಯೇ ಕೈಹಾಕಿದರು. ಗುತ್ತಿಗೆದಾರರಲ್ಲಿ ನಾನು ಎಲ್ಲಕ್ಕಿಂತ ಮೊದಲು ನೋಡುವ ಗುಣ ಇದು. ಇಂಥ ಖರ್ಚಿಗೆಂದು ಒಟ್ಟು ಅಂದಾಜಿನ ಮೇಲೆ ಒಂದಿಷ್ಟು ಹಣವನ್ನು ಮನೆಯವರು ಬೇರೆಯೇ ಇಟ್ಟುಕೊಂಡಿರುವುದು ಒಳ್ಳೆಯದು.

ಬಚ್ಚಲುಮನೆಯ ಕೆಲಸ ಇಡೀ ಗುತ್ತಿಗೆಯಲ್ಲಿ ಅತ್ಯುತ್ತಮವಾದುದು. ಹಳೆಯ ನೆಲವನ್ನು ಪೂರ್ತಿ ತೆಗೆದು, ಗೋಡೆ ಮತ್ತು ನೆಲ ಕೂಡುವ ಮೂಲೆಗಳನ್ನು ಗಾರೆಯಿಂದ ದುಂಡಗೆ ಮಾಡಿ, ವಾಟರ್‌ಪ್ರೂಫಿಂಗ್ ಲೇಪನವನ್ನು ಗೋಡೆಯ ಮೇಲೂ ಒಂದಡಿ ಎತ್ತರದವರೆಗೆ ಎರಡು ಸಲ ಬಳಿದರು. ಅದು ಒಣಗಿದ ಮೇಲೆ ನೀರು ಹೋಗುವ ಕಿಂಡಿಯನ್ನು ಮುಚ್ಚಿ ನೀರು ನಿಲ್ಲಿಸಿದರು. ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು 48 ಗಂಟೆ ಹಾಗೆಯೇ ಬಿಟ್ಟರು. ಮಹಡಿಯ ಬಚ್ಚಲಿನಲ್ಲಿ ಮಟ್ಟ ಇಳಿದಿತ್ತು, ಕೆಳಗಿನ ಊಟದ ಕೋಣೆಯ ಚಾವಣಿಯಲ್ಲಿ ಅಂಗೈಯಗಲ ಒದ್ದೆ ಕಾಣಿಸಿಕೊಂಡಿತು. ಮೇಸ್ತ್ರಿ ವಾದ ಮಾಡದೆ ಕಿಂಡಿಯ ಸುತ್ತ ಅಗೆದು, ಪೈಪಿನ ಸಂದನ್ನು ಮತ್ತೆ ಮುಚ್ಚಿ, ಎರಡನೆಯ ಸಲ ನೀರು ನಿಲ್ಲಿಸಿ ತೋರಿಸಿದರು. ಈ ಪರೀಕ್ಷೆ ಆಗದೆ ಟೈಲ್ಸ್ ಹಾಕಲು ಯಾರೂ ಬಿಡಬಾರದು, ಏಕೆಂದರೆ ಆಮೇಲೆ ಸೋರಿಕೆ ಕಂಡರೆ ಹೊಸ ಟೈಲ್ಸನ್ನೇ ಒಡೆಯಬೇಕಾಗುತ್ತದೆ. ನೆಲಕ್ಕೆ ಕೊಟ್ಟ ವಾಟವೂ ಸರಿಯಾಗಿದ್ದು, ಸ್ನಾನದ ನಂತರ ಎಲ್ಲಿಯೂ ನೀರು ನಿಲ್ಲುವುದಿಲ್ಲ. ಟೈಲ್ಸ್ ಮೇಲೆ ನಾಣ್ಯದಿಂದ ತಟ್ಟಿ, ಟೊಳ್ಳು ಸದ್ದು ಬಂದ ಕೆಲವನ್ನು ಗುರುತು ಮಾಡಿ ಕೊಟ್ಟೆವು; ಅವನ್ನೂ ಬದಲಿಸಿದರು.

ವಿದ್ಯುತ್ ಕೆಲಸದ ಬಗ್ಗೆ ದೂರಿಲ್ಲ. ಗೀಸರಿಗೆ 4 ಚದರ ಮಿಲಿಮೀಟರಿನ ವೈರನ್ನು ಪ್ರತ್ಯೇಕವಾಗಿ ಎಳೆದು, ವಿದ್ಯುತ್ ಸೋರಿದರೆ ತಕ್ಷಣ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚನ್ನು ಕೂರಿಸಿದ್ದಾರೆ.

ಮರಗೆಲಸದಲ್ಲಿ ಮಾತ್ರ ಸಂಸ್ಥೆ ನಮ್ಮನ್ನು ನಿರಾಸೆಗೊಳಿಸಿತು. ಸಿಂಕಿನ ಕೆಳಗಿನ ಕಪಾಟಿಗೆ ಐಎಸ್ 710 ದರ್ಜೆಯ, ಎಂದರೆ ನೀರು ತಡೆದುಕೊಳ್ಳುವ ಪ್ಲೈವುಡ್ ಎಂದು ಕೊಟೇಶನ್‌ನಲ್ಲಿ ಬರೆದಿತ್ತು. ಬಂದ ಹಲಗೆಯ ಮೇಲಿದ್ದ ಮುದ್ರೆ ಐಎಸ್ 303, ಎಂದರೆ ಸಾಮಾನ್ಯ ಬಳಕೆಯ ಪ್ಲೈವುಡ್. ಲ್ಯಾಮಿನೇಟ್ ಅಂಟಿಸಿದ ಮೇಲೆ ಈ ಮುದ್ರೆ ಕಾಣುವುದಿಲ್ಲವಾದ್ದರಿಂದ, ಹಲಗೆ ಮನೆಗೆ ಬಂದ ದಿನವೇ ನೋಡಬೇಕು. ಲಿಖಿತವಾಗಿ ಆಕ್ಷೇಪಿಸಿದ ಮೇಲೆ ಬದಲಿಸಿ ಕೊಟ್ಟರು, ಆದರೆ ಅಷ್ಟರಲ್ಲಿ ಗೌರಿ-ಗಣೇಶ ಹಬ್ಬ ಬಂದು ಬಡಗಿಗಳು ಊರಿಗೆ ಹೋದರು. ಹಬ್ಬಕ್ಕೆ ಊರಿಗೆ ಹೋಗುವುದು ಅವರ ಹಕ್ಕು, ಅದನ್ನು ಯಾರೂ ತಪ್ಪೆನ್ನಲಾರರು. ಯಾವಾಗ ಮರಳುತ್ತಾರೆ ಎಂದು ಸಂಸ್ಥೆಯವರು ನಮಗೆ ತಿಳಿಸದೆ ಇದ್ದುದು ತಪ್ಪು. ಅಷ್ಟು ಕಾಲವೂ ನಡುಮನೆಯ ಮೂಲೆಯಲ್ಲಿ ಒಂದೇ ಒಲೆಯ ಮೇಲೆ ಅಡುಗೆ, ಹಿತ್ತಲಿನ ನಲ್ಲಿಯಲ್ಲಿ ಪಾತ್ರೆ ತೊಳೆಯುವುದು ನಡೆಯಿತು. ವಯಸ್ಸಾದವರು, ಉಬ್ಬಸ ಇರುವವರು ಮನೆಯಲ್ಲಿದ್ದರೆ ಒಡೆಯುವ ದಿನಗಳಲ್ಲಾದರೂ ಅವರನ್ನು ಬೇರೆಡೆ ಉಳಿಸುವುದು ಮೇಲು. ಎಷ್ಟು ಪ್ಲಾಸ್ಟಿಕ್ ಹಾಳೆ ಕಟ್ಟಿದರೂ ದೂಳು ಬೀರುವಿನೊಳಗಿನ ಸೀರೆಯವರೆಗೂ ಹೋಗುತ್ತದೆ.

ಹಣವನ್ನು ಕೆಲಸದ ಹಂತಕ್ಕೆ ಜೋಡಿಸಿದ್ದರಿಂದ ನಮಗೆ ಅನುಕೂಲವಾಯಿತು. ಮುಂಗಡ, ಪೈಪು ಮತ್ತು ವೈರಿಂಗ್ ಮುಗಿದಾಗ, ಟೈಲ್ಸ್ ಮುಗಿದಾಗ, ಕೊನೆಯಲ್ಲಿ ಶೇ 10 ಉಳಿಸಿಕೊಂಡು ಉಳಿದದ್ದು, ಹೀಗೆ ಒಪ್ಪಂದವಿತ್ತು. ತಪ್ಪು ಪ್ಲೈವುಡ್ಡನ್ನು ಅವರು ಬದಲಿಸಿ ಕೊಟ್ಟದ್ದು ನಾವು ಕೊಡಬೇಕಾದ ಹಣ ಬಾಕಿ ಇದ್ದುದರಿಂದಲೇ ಎಂದು ನನ್ನ ಅಭಿಪ್ರಾಯ.

ಬಚ್ಚಲುಮನೆ, ನೀರಿನ ಪೈಪು, ವೈರಿಂಗ್ ಕೆಲಸಕ್ಕೆ ಇವರನ್ನು ನಾನು ಮತ್ತೆ ಕರೆಯುತ್ತೇನೆ. ಅಡುಗೆಮನೆಯ ಕಪಾಟುಗಳಿಗೆ ಬೇರೆ ಬಡಗಿಯನ್ನು ನೋಡುತ್ತೇನೆ. ಗಾರೆ ಮುಚ್ಚುವ ಮೊದಲು ಪ್ರತಿ ಗೋಡೆಗೂ ಅಳತೆ ಟೇಪು ಹಿಡಿದು ತೆಗೆದ ಪೈಪು ಮತ್ತು ವೈರಿನ ಫೋಟೊಗಳನ್ನು ಕೇಳದೆಯೇ ಕೊಟ್ಟರು. ಬಚ್ಚಲಿನಲ್ಲಿ ಕನ್ನಡಿ ತೂಗುಹಾಕಲು ಮೊಳೆ ಹೊಡೆಯುವಾಗ ಅವನ್ನೇ ನೋಡಿಕೊಂಡೆವು.